ಹಸಿರು ಶಾಲು ಮತ್ತು ಅಪ್ಪನ ವೋಟು

2023ರ ಮೇ ತಿಂಗಳು. ವಿಧಾನಸಭೆ ಚುನಾವಣೆಗೆ ಎರಡು ದಿನ ಇರುವಾಗ ಮಗಳು ಹಾಸ್ಟೆಲಿನಿಂದ ಊರಿಗೆ ಬಂದಿಳಿದಳು. ಅದು ಅವಳ ಮೊದಲ ಮತದಾನ. ಬ್ಯಾಗನ್ನು ಮೂಲೆಗೆ ಎಸೆದು, ಕಾಲು ಚಾಚಿ ಕುಳಿತು, ಮಜ್ಜಿಗೆ ಕುಡಿಯುತ್ತ ಕೇಳಿದಳು: "ಅಮ್ಮ, ಸಣ್ಣ ಪಕ್ಷದವರು ಇಲ್ಲಿ ಗೆದ್ದರು ಅಂತಲೇ ಇಟ್ಟುಕೋ. ಇನ್ನೂರ ಇಪ್ಪತ್ತನಾಲ್ಕು ಜನರಲ್ಲಿ ಅವರು ಒಬ್ಬರೇ. ಒಬ್ಬರಿಂದ ಏನಾಗುತ್ತೆ? ನಮ್ಮ ವೋಟು ದಂಡ ತಾನೇ?"

ಆ ಪ್ರಶ್ನೆ ಕೇಳಿದ ಕೂಡಲೇ ನನಗೆ ನಗು ಬಂತು. ಮೂವತ್ತನಾಲ್ಕು ವರ್ಷಗಳ ಹಿಂದೆ ಹೆಚ್ಚುಕಡಿಮೆ ಇದೇ ಪ್ರಶ್ನೆಯ ಮೇಲೆ ನಾನೂ ನಮ್ಮಪ್ಪನೂ ಜಗಳವಾಡಿ ಎರಡು ದಿನ ಮಾತು ಬಿಟ್ಟಿದ್ದೆವು. ಅಂದು ಪ್ರಶ್ನೆ ಕೇಳಿದ್ದು ಅಪ್ಪ, ಬುದ್ಧಿ ಹೇಳಿದ್ದು ನಾನು. ಬುದ್ಧಿ ಹೇಳುವವರ ವಯಸ್ಸು ಹತ್ತೊಂಬತ್ತಾದರೆ ಅದು ಎಷ್ಟು ಜೋರಾಗಿರುತ್ತದೆ ಎಂಬುದನ್ನು ಮಕ್ಕಳನ್ನು ಕಾಲೇಜಿಗೆ ಕಳಿಸಿದ ತಂದೆತಾಯಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ತವರು ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ. ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗದಲ್ಲಿ ಹೊಸದುರ್ಗ ರೋಡ್ ದಾಟಿ ಹೊಳಲ್ಕೆರೆ ಮುಟ್ಟುವುದರೊಳಗೆ ಸಿಗುವ ಸಣ್ಣ ನಿಲ್ದಾಣ. ಊರ ನೆತ್ತಿಯ ಮೇಲೆ ಬೆಟ್ಟ, ಬೆಟ್ಟದ ಮೇಲೆ ಕರಿಸಿದ್ದೇಶ್ವರ. ಕೆಳಗೆ ರಾಗಿ, ಜೋಳ, ಶೇಂಗಾ ಬೆಳೆಯುವ ಹೊಲಗಳು. ನೀರಿದ್ದವರಿಗೆ ತೆಂಗು, ಅಡಿಕೆ. ನೀರಿದ್ದವರು ಎಂಬ ಮಾತನ್ನು ನಮ್ಮ ಕಡೆ ಸುಮ್ಮನೆ ಆಡುವುದಿಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಿ ಒಬ್ಬನ ಹಣೆಬರಹವನ್ನು ಬರೆಯುವುದು ಬ್ರಹ್ಮನಲ್ಲ, ಕೊಳವೆಬಾವಿ. ನಮ್ಮಪ್ಪ ಸಾಲ ಮಾಡಿ ಕೊರೆಸಿದ ಬಾವಿಯಲ್ಲಿ ಮೊದಲ ವರ್ಷ ನೀರು ಬಂತು, ಎರಡನೆಯ ವರ್ಷ ಗಾಳಿ ಬಂತು, ಮೂರನೆಯ ವರ್ಷ ನೋಟೀಸು ಬಂತು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಸಾಲ ವಸೂಲಿಯವರು ಜೀಪಿನಲ್ಲಿ ಬಂದರು. ಯಾವ ಸಂಸ್ಥೆಯವರು ಎಂಬುದು ಈಗ ಬೇಡ. ಅಪ್ಪ ಹೊಲದಲ್ಲಿದ್ದರು. ಬಚ್ಚಲುಮನೆಯ ತಾಮ್ರದ ಹಂಡೆ, ಅವ್ವನ ತವರಿನ ಎರಡು ಹಿತ್ತಾಳೆ ಕೊಳಗ, ಪಂಪಿನ ಮೋಟಾರು, ಇವನ್ನೆಲ್ಲ ಜೀಪಿಗೆ ಹಾಕಿಕೊಂಡರು. ಅವ್ವ ಅಳಲಿಲ್ಲ. ಬಾಗಿಲಿಗೆ ಒರಗಿ ನಿಂತು, "ಹಂಡೇಲಿ ನೀರೈತೆ, ಚೆಲ್ಲಿಕೊಂಡು ಹೋಗ್ರಿ" ಎಂದಷ್ಟೇ ಹೇಳಿದರು. ಓಣಿಯ ಜನ ನೋಡುತ್ತ ನಿಂತಿದ್ದರು. ಮಾರನೆಯ ದಿನ ನಾನು ಶಾಲೆಗೆ ಹೋಗಲಿಲ್ಲ. ಸ್ನಾನಕ್ಕೆ ಹಂಡೆ ಇರಲಿಲ್ಲವೆಂದಲ್ಲ, ಗೆಳತಿಯರ ಮುಖ ನೋಡಲು ಧೈರ್ಯವಿರಲಿಲ್ಲ.

ಮೂರನೆಯ ದಿನ ಹಸಿರು ಶಾಲಿನವರು ಬಂದರು. ಸುತ್ತಲ ಹಳ್ಳಿಗಳ ನಲವತ್ತು ಐವತ್ತು ಜನ. ನಮ್ಮ ಜಗಲಿಯ ಮೇಲೆ ಕುಳಿತು ಅಪ್ಪನಿಂದ ಎಲ್ಲ ಕೇಳಿಕೊಂಡರು. ಎದ್ದು ಒಟ್ಟಿಗೆ ಹೊರಟರು. ಸಂಜೆ ಹೊತ್ತಿಗೆ ಹಂಡೆ, ಕೊಳಗ, ಮೋಟಾರು ಎತ್ತಿನ ಗಾಡಿಯಲ್ಲಿ ಮೆರವಣಿಗೆಯಂತೆ ಮನೆಗೆ ವಾಪಸು ಬಂದವು. ಇದಕ್ಕೆ 'ಮರುಜಪ್ತಿ' ಎಂಬ ಹೆಸರಿತ್ತೆಂದು ಆಮೇಲೆ ತಿಳಿಯಿತು. ಆ ದಿನದಿಂದ ಅಪ್ಪನ ಹೆಗಲ ಮೇಲೆ ಹಸಿರು ಶಾಲು ಏರಿತು. ಮದುವೆಗೂ ಅದೇ, ಮಣ್ಣಿಗೂ ಅದೇ.

ಇಂದಿನ ವಿದ್ಯಾರ್ಥಿಗಳಿಗೆ ಆ ಶಾಲಿನ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ತಮ್ಮ ಮೇಲೆ ಹೇರಿದ ಕರದ ವಿರುದ್ಧ ಎದ್ದರು. ಗೋಲಿಬಾರಾಯಿತು, ರೈತರು ಸತ್ತರು. ಆ ಸಿಟ್ಟು ರಾಜ್ಯದ ತುಂಬ ಹಬ್ಬಿತು. ಅದೇ ವರ್ಷ ಶಿವಮೊಗ್ಗದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಅದರ ಮುಂದಾಳುಗಳು. ಹಳ್ಳಿಯ ಬಾಗಿಲಲ್ಲಿ 'ಅನುಮತಿ ಇಲ್ಲದೆ ಅಧಿಕಾರಿಗಳು ಒಳಗೆ ಬರಬಾರದು' ಎಂಬ ಫಲಕಗಳು ಎದ್ದವು. ಕಚೇರಿಯ ಮೆಟ್ಟಿಲ ಮೇಲೆ ಕೈಕಟ್ಟಿ ನಿಲ್ಲುತ್ತಿದ್ದ ರೈತ ಕುರ್ಚಿ ಎಳೆದುಕೊಂಡು ಕುಳಿತು ಮಾತಾಡುವಂತಾದ. ಹಂಡೆ ವಾಪಸು ಬಂದದ್ದಕ್ಕಿಂತ ದೊಡ್ಡ ಸಂಗತಿ ಅದು.

ಆದರೆ ಸಂಘಕ್ಕೊಂದು ಸಂದಿಗ್ಧವಿತ್ತು. ಬೀದಿಯಲ್ಲಿ ಗೆದ್ದವರು ಮತಪೆಟ್ಟಿಗೆಯಲ್ಲೂ ಗೆಲ್ಲಬೇಕೆ? ಹೋರಾಟಗಾರರು ಪಕ್ಷವಾಗಬೇಕೆ? 1983ರ ಜನವರಿಯಲ್ಲಿ ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದಾಗ, ಅದರ ಹಿಂದೆ ರೈತರ ಸಿಟ್ಟಿನ ಪಾಲೂ ಇತ್ತು. ಸಿಟ್ಟು ರೈತರದು, ಕುರ್ಚಿ ಬೇರೆಯವರದು. ಇನ್ನೊಬ್ಬರ ಗಾಡಿಗೆ ಎಷ್ಟು ದಿನ ಎತ್ತಾಗುವುದು, ನಮ್ಮದೇ ಗಾಡಿ ಹೂಡೋಣ ಎಂದು ಕೆಲವರು. ಗಾಡಿ ಹೂಡಿದ ದಿನವೇ ನಾವೂ ಅವರಂತಾಗುತ್ತೇವೆ ಎಂದು ಇನ್ನು ಕೆಲವರು. ನಮ್ಮ ಜಗಲಿಯ ಮೇಲೆ ಈ ವಾದ ರಾತ್ರಿ ಹನ್ನೊಂದರವರೆಗೆ ನಡೆಯುತ್ತಿತ್ತು. ಅವ್ವ ಮೂರು ಸಲ ಕಾಫಿ ಕಾಸುತ್ತಿದ್ದರು, ನಾಲ್ಕನೆಯ ಸಲಕ್ಕೆ ಬೆಲ್ಲ ಮುಗಿಯಿತೆಂದು ಹೇಳಿ ಸಭೆ ಮುಗಿಸುತ್ತಿದ್ದರು.

ಹಾಗಿರುವಾಗ 1989ರ ನವೆಂಬರ್ ಬಂತು. ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ. ಆ ವರ್ಷವೇ ಸಂವಿಧಾನದ 61ನೆಯ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿತ್ತು. ನನಗೆ ಹತ್ತೊಂಬತ್ತು. ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದೆ, ಅದೂ ರಾಜ್ಯಶಾಸ್ತ್ರ! ಇನ್ನು ಕೇಳಬೇಕೆ. ಹೊಳಲ್ಕೆರೆ ದಾಟಿ ಬಸ್ಸು ರಾಮಗಿರಿ ಕಡೆ ತಿರುಗುವಷ್ಟರಲ್ಲಿ ಮನಸ್ಸಿನಲ್ಲೇ ಒಂದು ಭಾಷಣ ಸಿದ್ಧವಾಗಿತ್ತು.

ನಮ್ಮೂರ ಸಂಘದವರು ಆ ಹೊತ್ತಿಗೆ ಒಂದು ಒಪ್ಪಂದಕ್ಕೆ ಬಂದಿದ್ದರು. ದೊಡ್ಡ ಪಕ್ಷಗಳ ಜೀಪು ಹತ್ತಬಾರದು, ಅವರ ಗುರುತಿಗೆ ಒತ್ತಬಾರದು, ಹಸಿರು ಶಾಲಿನ ಮಾತು ಆಡುವವರಿಗೇ ನಮ್ಮ ವೋಟು. ನಮ್ಮ ಕಡೆ ಅಂಥವರು ಗೆಲ್ಲುವ ಮಾತು ದೂರವೇ ಇತ್ತು. ಅದು ಎಲ್ಲರಿಗೂ ಗೊತ್ತಿತ್ತು. ಅಪ್ಪ ಒಪ್ಪಂದದ ದಿನ ತಲೆಯಾಡಿಸಿ ಬಂದವರು, ಮನೆಯಲ್ಲಿ ಮಾತ್ರ ಮಂಕಾಗಿದ್ದರು.

"ಗೆಲ್ಲಲ್ಲ ಅಂತ ಗೊತ್ತಿದ್ದೂ ಹಾಕೋದು ಅಂದ್ರೆ ಬಿತ್ತನೆ ಬೀಜ ಬಂಡೆ ಮೇಲೆ ಚೆಲ್ಲಿದಂಗಲ್ಲವೇನವ್ವ?" ಎಂದು ಊಟಕ್ಕೆ ಕುಳಿತಾಗ ಕೇಳಿದರು.

ನಾನು ಭಾಷಣ ತೆಗೆದೆ. ವೋಟು ಜೂಜಲ್ಲ, ಗೆಲ್ಲುವ ಕುದುರೆಗೆ ಕಟ್ಟುವುದಕ್ಕೆ. ಅದು ನಮ್ಮ ಅಭಿಪ್ರಾಯ. ಇವತ್ತು ನೂರು ವೋಟು ಬಿದ್ದರೆ ನಾಳೆ ಸಾವಿರ ಬೀಳುತ್ತದೆ. ಅಷ್ಟಕ್ಕೂ ಹಂಡೆ ತಂದುಕೊಟ್ಟವರು ಯಾರು? ಈ ಕಡೆಯ ಮಾತು ಆಡಿದಾಗ ಅಪ್ಪನ ಕೈಯಲ್ಲಿದ್ದ ತುತ್ತು ತಟ್ಟೆಯಲ್ಲೇ ಉಳಿಯಿತು. ಕೈ ತೊಳೆದು ಎದ್ದುಹೋದರು. ಅವ್ವ ನನ್ನನ್ನು ದುರುಗುಟ್ಟಿ ನೋಡಿದರು. ಅಲ್ಲಿಗೆ ಮಾತು ನಿಂತಿತು, ಎರಡು ದಿನ.

ಆ ಎರಡು ದಿನಗಳಲ್ಲೇ ಇನ್ನೊಂದು ಸಣ್ಣ ಘಟನೆ ನಡೆಯಿತು. ದೊಡ್ಡ ಪಕ್ಷವೊಂದರ ಮುಖಂಡರೊಬ್ಬರು ಓಣಿಯಲ್ಲಿ ಮತ ಕೇಳುತ್ತ ಬಂದರು. ನಮ್ಮ ಜಗಲಿಯ ಮೇಲೂ ಒಂದು ನಿಮಿಷ ಕುಳಿತರು. ವೋಟಿನ ಮಾತನ್ನೇ ಎತ್ತಲಿಲ್ಲ. ನೀರು ಕುಡಿದು, ಒಳಗಿದ್ದ ನನ್ನ ಕಡೆ ನೋಡಿ, "ಮಗಳು ಚೆನ್ನಾಗಿ ಓದ್ತಾಳೇನಪ್ಪ?" ಎಂದು ಅಪ್ಪನನ್ನು ಕೇಳಿ, ಎದ್ದು ಹೋದರು. ಎಂಥ ಸಜ್ಜನಿಕೆ ಎಂದು ಅವ್ವ ಹೊಗಳಿದರು. ನಾನು ಮೂಗು ಮುರಿದೆ.

ಮತದಾನದ ದಿನ ಮೂವರೂ ಶಾಲೆಯ ಕೋಣೆಯ ಮುಂದೆ ಸಾಲಿನಲ್ಲಿ ನಿಂತೆವು. ಎರಡು ಮತಪತ್ರ, ಒಂದು ರಬ್ಬರ್ ಮೊಹರು, ರಟ್ಟಿನ ಮರೆ. ಒತ್ತಿದ ಮಸಿ ಇನ್ನೊಂದು ಗುರುತಿಗೆ ಅಂಟದಂತೆ ಹೇಗೆ ಮಡಿಸಬೇಕೆಂದು ಅಧಿಕಾರಿ ತೋರಿಸಿಕೊಟ್ಟರು. ನಾನು ನನ್ನ ತತ್ವದ ಪ್ರಕಾರ ಒತ್ತಿದೆ. ಹೊರಗೆ ಬಂದು ಬೆರಳಿನ ಶಾಯಿಯನ್ನು ಎಲ್ಲರಿಗೂ ತೋರಿಸುತ್ತ ನಿಂತೆ. ಅಪ್ಪ ಬಂದವರೇ ನನ್ನ ಮುಖ ನೋಡದೆ ಹೊಲದ ದಾರಿ ಹಿಡಿದರು. ಅವ್ವ ಮಾತ್ರ ನಗುತ್ತ ಬಂದು ಕಿವಿಯಲ್ಲಿ ಹೇಳಿದರು: "ನಿಮ್ಮಪ್ಪಗೂ ಬೇಜಾರಾಗಬಾರದು, ನಿನಗೂ ಬೇಜಾರಾಗಬಾರದು ಅಂತ ಎರಡು ಕಡೀಗೂ ಒತ್ತಿ ಬಂದೆ ಕಣವ್ವ."

ಎರಡು ಕಡೆ ಒತ್ತಿದರೆ ಮತ ಕುಲಗೆಡುತ್ತದೆ, ಅದನ್ನು ಎಣಿಸುವುದೇ ಇಲ್ಲ ಎಂದು ರಾಜ್ಯಶಾಸ್ತ್ರದ ವಿದ್ಯಾರ್ಥಿನಿಯಾದ ನಾನು ತಲೆ ಚಚ್ಚಿಕೊಂಡೆ. ಅವ್ವನಿಗೆ ಅದರಿಂದ ಏನೂ ಅನ್ನಿಸಲಿಲ್ಲ. ಮನೆ ಉಳಿಯಿತಲ್ಲ ಎಂಬ ಸಮಾಧಾನ ಅವರದು.

ಫಲಿತಾಂಶ ಬಂತು. 224 ಸ್ಥಾನಗಳಲ್ಲಿ ಕಾಂಗ್ರೆಸ್ 178 ಗೆದ್ದಿತು. ರೈತ ಸಂಘಕ್ಕೆ ಎರಡು. ಅವೆರಡನ್ನೂ ಗೆದ್ದವರು ಒಬ್ಬರೇ: ಕಿತ್ತೂರು ಮತ್ತು ಧಾರವಾಡ ಗ್ರಾಮಾಂತರದಲ್ಲಿ ನಿಂತಿದ್ದ ಬಾಬಾಗೌಡ ಪಾಟೀಲರು. ಅವರು ಬಿಟ್ಟುಕೊಟ್ಟ ಧಾರವಾಡ ಗ್ರಾಮಾಂತರದ ಉಪಚುನಾವಣೆಯಲ್ಲಿ ನಂಜುಂಡಸ್ವಾಮಿಯವರು ಗೆದ್ದು ವಿಧಾನಸಭೆಗೆ ಬಂದರು. ನಮ್ಮ ಜಿಲ್ಲೆಯಿಂದ ಹಸಿರು ಶಾಲಿನವರು ಯಾರೂ ಆರಿಸಿ ಬರಲಿಲ್ಲ. "ನೋಡಿದೆಯಾ?" ಎಂದು ಅಪ್ಪ ಕೇಳಬಹುದಿತ್ತು. ಕೇಳಲಿಲ್ಲ. ಅವರು ಕೇಳದಿದ್ದದ್ದು ನನಗೆ ಆಗ ಸೋಜಿಗವಾಗಿ ಕಂಡಿತು.

ಇಲ್ಲಿ ಸ್ವಲ್ಪ ಪಾಠ ಮಾಡುವ ಚಪಲ. ಮೂವತ್ತು ವರ್ಷ ಮೇಷ್ಟ್ರಗಿರಿ ಮಾಡಿದವಳನ್ನು ಓದುಗರು ಕ್ಷಮಿಸಬೇಕು. ನಮ್ಮ ಚುನಾವಣೆಯಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬರೇ; ಉಳಿದವರಿಗಿಂತ ಒಂದು ಮತ ಹೆಚ್ಚು ಬಂದರೆ ಸಾಕು, ಗೆದ್ದಂತೆ. ಎರಡನೆಯವನಿಗೂ ಇಪ್ಪತ್ತನೆಯವನಿಗೂ ಸಿಗುವುದು ಒಂದೇ, ಸೊನ್ನೆ. ಚಲಾವಣೆಯಾದ ಮತಗಳಲ್ಲಿ ಆರನೆಯ ಒಂದು ಪಾಲು ದಾಟದಿದ್ದರೆ ಠೇವಣಿಯೂ ಹೋಗುತ್ತದೆ. ಅಂದರೆ ಒಂದು ಲಕ್ಷ ಮತ ಬಿದ್ದಲ್ಲಿ ಹದಿನಾರು ಸಾವಿರದಷ್ಟು ಜನ ಒಬ್ಬನನ್ನು ನಂಬಿದರೂ ಆತನ ಠೇವಣಿ ಜಪ್ತಿ! ಇಂಥ ಪದ್ಧತಿಯಲ್ಲಿ ಜನ ಸಣ್ಣ ಪಕ್ಷವನ್ನು ಮೆಚ್ಚಿದರೂ ಮತ ಹಾಕುವಾಗ ದೊಡ್ಡವರಿಬ್ಬರ ನಡುವೆಯೇ ಆರಿಸುತ್ತಾರೆ ಎಂದು ಫ್ರಾನ್ಸಿನ ಮೊರಿಸ್ ದುವರ್ಜೆ ಎಂಬ ವಿದ್ವಾಂಸ 1950ರ ದಶಕದಲ್ಲೇ ಬರೆದಿಟ್ಟ. ನಮ್ಮಪ್ಪ ದುವರ್ಜೆಯನ್ನು ಓದಿರಲಿಲ್ಲ. ಬಂಡೆಯ ಮೇಲಿನ ಬೀಜ ಎಂದರು, ಮಾತು ಒಂದೇ.

ಆದರೆ ಬಂಡೆಯೇ ಎಲ್ಲ ಕಡೆ ಇರುವುದಿಲ್ಲ. ಅದನ್ನು ನಾನು ಕಲಿತದ್ದು ಮದುವೆಯಾದ ಮೇಲೆ.

ಆ ಮದುವೆ ಕೂಡಿಬಂದದ್ದೂ ಹಸಿರು ಶಾಲಿನಿಂದಲೇ. 1993ರಲ್ಲಿ ಡಂಕೆಲ್ ಪ್ರಸ್ತಾವನೆಗಳ ವಿರುದ್ಧ ಬೆಂಗಳೂರಿನಲ್ಲಿ ನಡೆದ ರೈತರ ದೊಡ್ಡ ಸಮಾವೇಶಕ್ಕೆ ಅಪ್ಪ ಹೋಗಿದ್ದರು. ಅಲ್ಲಿ ಬುತ್ತಿ ಹಂಚಿಕೊಂಡು ತಿಂದವರು ಪಾಂಡವಪುರ ಕಡೆಯ ಒಬ್ಬ ಹಿರಿಯರು. ಇವರಿಗೆ ಮಗಳು, ಅವರಿಗೆ ಮಗ. ಮರುವರ್ಷ ನಾನು ಬಯಲುಸೀಮೆಯ ಒಣ ಹೊಲದಿಂದ ವಿಶ್ವೇಶ್ವರಯ್ಯ ನಾಲೆಯ ಕಬ್ಬಿನ ಗದ್ದೆಗೆ ಬಂದಿಳಿದೆ. ಅಷ್ಟು ನೀರನ್ನು ಒಟ್ಟಿಗೆ ನೋಡಿ ಮೊದಲ ವಾರ ನನಗೆ ನಿದ್ದೆ ಬರಲಿಲ್ಲ.

1994ರ ಕೊನೆಯಲ್ಲಿ ಮತ್ತೆ ವಿಧಾನಸಭೆ ಚುನಾವಣೆ. ಹೊಸ ಸೊಸೆಯ ಹೆಸರೂ ಮತದಾರರ ಪಟ್ಟಿಗೆ ಸೇರಿತ್ತು. ಪಾಂಡವಪುರದಲ್ಲಿ ರೈತ ಸಂಘದಿಂದ ಕೆ.ಎಸ್. ಪುಟ್ಟಣ್ಣಯ್ಯನವರು ನಿಂತಿದ್ದರು. ನಮ್ಮ ಮಾವನವರ ಜಗಲಿಯಲ್ಲೂ ವಾದವಿತ್ತು, ಆದರೆ ಅದರ ಬಣ್ಣವೇ ಬೇರೆ. ಗೆಲ್ಲುತ್ತಾರೋ ಇಲ್ಲವೋ ಎಂಬ ಮಾತು ಇರಲಿಲ್ಲ. ಎಷ್ಟರಲ್ಲಿ ಗೆಲ್ಲುತ್ತಾರೆ ಎಂಬುದೇ ಮಾತು. ನಾನು ನನ್ನ ಹಳೆಯ ಭಾಷಣದ ತುಣುಕೊಂದನ್ನು ಹೇಳಲು ಹೋದಾಗ ಮಾವ ನಕ್ಕುಬಿಟ್ಟರು.

"ತತ್ವ ಗಿತ್ವ ಅಂತ ಅಲ್ಲ ಕಣವ್ವ. ಕಬ್ಬಿನ ಬಾಕಿ ಬರದೆ ಇದ್ದಾಗ ಕಾರ್ಖಾನೆ ಮುಂದೆ ನಮ್ಮ ಜೊತೆ ಕುಂತಿದ್ದೋರು ಅವರು. ನಾಲೆ ನೀರು ಬುಡದೆ ಇದ್ದಾಗ ಬಂದೋರೂ ಅವರೇ. ಕರೆದರೆ ಬರೋರಿಗೆ ವೋಟು ಹಾಕ್ತೀವಿ, ಇನ್ಯಾರಿಗೆ ಹಾಕಾನ?"

ಆ ಸಲ ಜನತಾದಳ 115 ಸ್ಥಾನ ಗೆದ್ದು ಸರ್ಕಾರ ರಚಿಸಿತು. ಇಡೀ ರಾಜ್ಯದಲ್ಲಿ ರೈತ ಸಂಘಕ್ಕೆ ಬಂದದ್ದು ಒಂದೇ ಸ್ಥಾನ, ಪಾಂಡವಪುರ. ರಾಮಗಿರಿಗೆ ಪತ್ರ ಬರೆದು ತಿಳಿಸಿದೆ. ಅಪ್ಪ ಮರುಟಪ್ಪಾಲಿನಲ್ಲಿ ಒಂದು ಸಾಲು ಬರೆದಿದ್ದರು: ನಿನ್ನ ವೋಟು ಮೊಳೆಯಿತು, ಸಂತೋಷ.

ಒಂದೇ ಬಣ್ಣದ ಶಾಲು ಹೊದ್ದ ಇಬ್ಬರು ಮುದುಕರು. ಒಬ್ಬರಿಗೆ ತಮ್ಮವರಿಗೆ ಮತ ಹಾಕುವುದು ಸಂಕಟ, ಇನ್ನೊಬ್ಬರಿಗೆ ಸಲೀಸು. ಏಕೆ? ನಂಬಿಕೆ ಹೆಚ್ಚುಕಡಿಮೆ ಇದ್ದುದರಿಂದ ಎಂದು ಬಹಳ ದಿನ ಅಂದುಕೊಂಡಿದ್ದೆ. ಹಾಗಲ್ಲ. ಮಾವನವರ ಕಡೆ ರೈತರೆಲ್ಲರ ಕಷ್ಟ ಒಂದೇ ನಾಲೆಗೆ, ಒಂದೇ ಸಕ್ಕರೆ ಕಾರ್ಖಾನೆಗೆ ಕಟ್ಟಿಕೊಂಡಿತ್ತು. ನೀರು ನಿಂತರೆ ಸಾವಿರಾರು ಮನೆಗೆ ಒಟ್ಟಿಗೆ ನಿಲ್ಲುತ್ತಿತ್ತು. ಸಿಟ್ಟೂ ಒಟ್ಟಿಗೆ ಬರುತ್ತಿತ್ತು. ವೋಟೂ ಒಟ್ಟಿಗೆ ಬೀಳುತ್ತಿತ್ತು. ನಮ್ಮ ಕಡೆ ಹಾಗಲ್ಲ. ಒಬ್ಬೊಬ್ಬನ ಬಾವಿ ಒಂದೊಂದು ದಿನ ಬತ್ತುತ್ತದೆ. ಬತ್ತಿದವನು ಒಬ್ಬನೇ ಅಳುತ್ತಾನೆ, ಒಬ್ಬನೇ ಯಾರದೋ ಬಾಗಿಲಿಗೆ ಹೋಗುತ್ತಾನೆ. ಯಾವ ಬಾಗಿಲಿಗೆ ಎಂಬುದು ನನಗೆ ತಿಳಿದದ್ದು 2004ರಲ್ಲಿ.

ಆ ಫೆಬ್ರುವರಿಯಲ್ಲಿ ಅಪ್ಪನಿಗೆ ಮೈ ಹುಷಾರಿಲ್ಲವೆಂದು ರಾಮಗಿರಿಗೆ ಹೋಗಿದ್ದೆ. 3ನೆಯ ತಾರೀಕು ನಂಜುಂಡಸ್ವಾಮಿಯವರು ತೀರಿಕೊಂಡ ಸುದ್ದಿಯನ್ನು ರೇಡಿಯೊ ಹೇಳಿತು. ಅಪ್ಪ ರೇಡಿಯೊ ಆರಿಸಿ, ಗೂಟದ ಮೇಲಿದ್ದ ಹಸಿರು ಶಾಲನ್ನು ತೆಗೆದುಕೊಡಲು ಹೇಳಿದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತರು. ಆಮೇಲೆ, "ಆವತ್ತು ನಾನು ಇದಕ್ಕೆ ವೋಟು ಹಾಕಲಿಲ್ಲ ಕಣವ್ವ" ಎಂದರು.

ಯಾವತ್ತು ಎಂದು ನಾನು ಕೇಳಬೇಕಾಗಿರಲಿಲ್ಲ.

ನಾನು ಪಿ.ಯು.ಸಿ.ಗೆ ಚಿತ್ರದುರ್ಗಕ್ಕೆ ಸೇರಿದ ವರ್ಷ ಹಾಸ್ಟೆಲಿನ ಮೊದಲ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲವಂತೆ. ರೂಮು ಮಾಡಿಕೊಂಡು ಓದಿಸುವ ಶಕ್ತಿ ಅಪ್ಪನಿಗಿರಲಿಲ್ಲ. ಎರಡು ಸಲ ಚಿತ್ರದುರ್ಗಕ್ಕೆ ಹೋಗಿ ಬರಿಗೈಯಲ್ಲಿ ಬಂದರು. ಮೂರನೆಯ ಸಲ, ಹೆಗಲ ಮೇಲಿನ ಶಾಲನ್ನು ಮಡಿಸಿ ಚೀಲದೊಳಗಿಟ್ಟುಕೊಂಡು, ಅದೇ ದೊಡ್ಡ ಪಕ್ಷದ ಮುಖಂಡರ ಮನೆಗೆ ಹೋದರು. ಅವರು ಒಂದು ಚೀಟಿ ಬರೆದುಕೊಟ್ಟರು. ಎರಡನೆಯ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಪ್ರತಿಯಾಗಿ ಏನನ್ನೂ ಕೇಳಲಿಲ್ಲ. ಎರಡು ವರ್ಷದ ಮೇಲೆ ಜಗಲಿಯಲ್ಲಿ ಕುಳಿತು, ಮಗಳು ಚೆನ್ನಾಗಿ ಓದುತ್ತಾಳಾ ಎಂದಷ್ಟೇ ಕೇಳಿದರು.

"ಹಂಡೆ ಋಣ ಒಂದು ಕಡೆ, ನಿನ್ನ ಓದಿನ ಋಣ ಒಂದು ಕಡೆ. ಹಂಡೆ ಇಲ್ದಿದ್ರೆ ಮಡಕೇಲಿ ನೀರು ಕಾಯಿಸಬಹುದಿತ್ತು" ಎಂದರು ಅಪ್ಪ.

ನನಗೆ ಮಾತು ಹೊರಡಲಿಲ್ಲ. ಹದಿನೈದು ವರ್ಷ ನಾನು ತತ್ವಕ್ಕೆ ನಿಂತವಳು, ಅಪ್ಪ ತತ್ವ ಬಿಟ್ಟವರು ಎಂದು ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದೆ. ನಾನು ಹಾಸ್ಟೆಲಿನ ಮಂಚದ ಮೇಲೆ ಕುಳಿತು ತತ್ವ ಕಲಿತೆ. ಆ ಮಂಚದ ಬೆಲೆಯನ್ನು ಅಪ್ಪ ರಟ್ಟಿನ ಮರೆಯ ಹಿಂದೆ ನಿಂತು ಕೊಟ್ಟಿದ್ದರು. ಅದೂ ನನಗೆ ಹೇಳದೆ. ಹೇಳಿದ್ದರೆ ನನ್ನ ವೋಟಿಗೂ ಋಣ ತಗಲುತ್ತದೆಂದು ಅವರಿಗೆ ಗೊತ್ತಿತ್ತು. ಅದೇ ಮಳೆಗಾಲದಲ್ಲಿ ಅವರು ತೀರಿಕೊಂಡರು. ಶಾಲನ್ನು ನಾನು ತಂದೆ.

ಸಣ್ಣ ಪಕ್ಷದವರು ಸೋಲುವುದು ಜನ ಅವರನ್ನು ನಂಬದ ಕಾರಣಕ್ಕೆ ಮಾತ್ರವಲ್ಲ ಎಂಬುದು ಆ ದಿನ ನನಗೆ ಹೊಳೆಯಿತು. ಅವರು ಚೀಟಿ ಬರೆದುಕೊಡಲಾರರು. ಹಾಸ್ಟೆಲಿನ ಸೀಟು, ಪಂಪಿನ ಕರೆಂಟು, ಆಸ್ಪತ್ರೆಯ ಹಾಸಿಗೆ, ವೃದ್ಧಾಪ್ಯ ವೇತನ, ಇವೆಲ್ಲ ಹಕ್ಕಾಗಿ ಬರಬೇಕಾದಲ್ಲಿ ದಯೆಯಾಗಿ ಬರುವವರೆಗೆ ಬಡವನ ವೋಟು ಅಭಿಪ್ರಾಯವಾಗುವುದಿಲ್ಲ, ಕೈಸಾಲದ ಕಂತಾಗುತ್ತದೆ. ದುವರ್ಜೆಯ ಪುಸ್ತಕದ ಲೆಕ್ಕಕ್ಕೆ ನಮ್ಮೂರಿನ ಈ ಅಂಕಿಯನ್ನೂ ಸೇರಿಸಬೇಕು.

ಇನ್ನೊಂದು ಬಗೆಯೂ ಇದೆ. 2013ರ ಚುನಾವಣೆಯಲ್ಲಿ ಯಡಿಯೂರಪ್ಪನವರು ಬಿ.ಜೆ.ಪಿ. ಬಿಟ್ಟು ಕರ್ನಾಟಕ ಜನತಾ ಪಕ್ಷ ಕಟ್ಟಿದ್ದರು. ರಾಮಗಿರಿಯಲ್ಲಿರುವ ನನ್ನ ತಮ್ಮ, "ಅಕ್ಕ, ನಾನು ತೆಂಗಿನಕಾಯಿಗೇ" ಎಂದು ಫೋನಿನಲ್ಲಿ ಮೊದಲೇ ಹೇಳಿಬಿಟ್ಟ. ಅದು ಆ ಪಕ್ಷದ ಗುರುತು. ಗೆಲ್ಲುತ್ತದೆಂದಲ್ಲ, ತನ್ನ ನಾಯಕರನ್ನು ನಡೆಸಿಕೊಂಡವರಿಗೆ ಬಿಸಿ ಮುಟ್ಟಲಿ ಎಂದು. ಬಿಸಿ ಮುಟ್ಟಿತು. ಆ ಪಕ್ಷಕ್ಕೆ ಶೇಕಡ 10ರಷ್ಟು ಮತ ಬಂದರೂ ಸ್ಥಾನ ಆರೇ. ಆದರೆ 2008ರಲ್ಲಿ 110 ಗೆದ್ದಿದ್ದ ಬಿ.ಜೆ.ಪಿ. 40ಕ್ಕೆ ಇಳಿಯಿತು. ಶೇಕಡ 37ಕ್ಕೂ ಕಡಿಮೆ ಮತ ಪಡೆದ ಕಾಂಗ್ರೆಸ್ 122 ಸ್ಥಾನ ಗೆದ್ದಿತು. ಮರುವರ್ಷ ತೆಂಗಿನಕಾಯಿಯ ಪಕ್ಷ ಹಳೆಯ ಮನೆಗೇ ಮರಳಿತು. "ನಿನ್ನ ವೋಟು ಏನಾಯ್ತೋ?" ಎಂದು ಕೇಳಿದೆ. "ಕೆಲಸ ಮಾಡಿ ಮನೆಗೆ ಬಂತಕ್ಕ" ಎಂದ. ಸೋತ ವೋಟು ಸುಮ್ಮನೆ ಸತ್ತುಹೋಗುವುದಿಲ್ಲ ಎಂಬುದಕ್ಕೆ ಅವನ ಮಾತೂ ಒಂದು ಸಾಕ್ಷಿ.

ಹಾಗಾದರೆ ಅವ್ವನಂತೆ ಎರಡು ಕಡೆ ಒತ್ತಿ ಎಲ್ಲರನ್ನೂ ಸಮಾಧಾನ ಮಾಡುವ ದಾರಿಯೇ ಇಲ್ಲವೆ? ಇದೆ, ನಮ್ಮಲ್ಲೇ ಇದೆ. ಹೈಸ್ಕೂಲು ಶಿಕ್ಷಕಿಯಾಗಿ ನಾನು ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದಲ್ಲೂ ಮತ ಹಾಕಿದ್ದೇನೆ. ಅಲ್ಲಿ ಮೊಹರಿಲ್ಲ, ಬಟನ್ನಿಲ್ಲ. ಅವರೇ ಕೊಡುವ ನೇರಳೆ ಬಣ್ಣದ ಪೆನ್ನಿನಿಂದ ಹೆಸರುಗಳ ಮುಂದೆ 1, 2, 3 ಎಂದು ನಮ್ಮ ಇಷ್ಟದ ಕ್ರಮದಲ್ಲಿ ಬರೆಯಬೇಕು. ಮೊದಲನೆಯವರು ಎಣಿಕೆಯಲ್ಲಿ ಹಿಂದೆ ಬಿದ್ದು ಹೊರಹೋದರೆ ನಮ್ಮ ಮತ ಎರಡನೆಯವರಿಗೆ ಸೇರುತ್ತದೆ. ರಾಷ್ಟ್ರಪತಿ ಚುನಾವಣೆಯೂ ಹೀಗೆಯೇ. ಮೊದಲ ಸಲ ಆ ಪೆನ್ನು ಹಿಡಿದಾಗ ನನಗೆ ಅವ್ವ ನೆನಪಾದರು. ಕಾನೂನು ತಿಳಿಯದ ಆಕೆ ಕೇಳಿದ್ದು ಇಷ್ಟನ್ನೇ ಅಲ್ಲವೇ: ನನ್ನ ಮನಸ್ಸಿನಲ್ಲಿ ಇಬ್ಬರಿದ್ದಾರೆ, ಇಬ್ಬರನ್ನೂ ಬರೆದುಕೊಳ್ಳಿ ಎಂದು.

ಇದನ್ನೆಲ್ಲ ಆ ಸಂಜೆ ಮಗಳಿಗೆ ಹೇಳಿದೆ. ಒಬ್ಬರಿಂದ ಏನಾಗುತ್ತದೆ ಎಂಬುದಕ್ಕೂ ಉತ್ತರ ಹೇಳಿದೆ. 2008ರ ಕ್ಷೇತ್ರ ವಿಂಗಡಣೆಯ ನಂತರ ನಮ್ಮ ಪಾಂಡವಪುರ ಕ್ಷೇತ್ರಕ್ಕೆ ಮೇಲುಕೋಟೆ ಎಂಬ ಹೆಸರು ಬಂತು. 2013ರಲ್ಲಿ ಪುಟ್ಟಣ್ಣಯ್ಯನವರು ಸರ್ವೋದಯ ಕರ್ನಾಟಕ ಪಕ್ಷದಿಂದ ಇಲ್ಲಿ ಮತ್ತೆ ಗೆದ್ದು, ಸದನದಲ್ಲಿ ಒಬ್ಬರೇ ನಿಂತು ರೈತರ ಮಾತನ್ನು ಹಳ್ಳಿಯ ಭಾಷೆಯಲ್ಲೇ ಆಡಿದರು. ಜನ ಅದನ್ನು ಟಿ.ವಿ.ಯಲ್ಲಿ ನಿಂತು ಕೇಳುತ್ತಿದ್ದರು. 2018ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಆ ವರ್ಷ ಅವರ ಮಗ ದರ್ಶನ್ ನಿಂತು ಸೋತರು. 2023ರಲ್ಲಿ ಮತ್ತೆ ನಿಂತಿದ್ದರು. ಕಾಂಗ್ರೆಸ್ ತನ್ನ ಅಭ್ಯರ್ಥಿಯನ್ನು ಹಾಕದೆ ಬೆಂಬಲ ಕೊಟ್ಟಿತ್ತು. ಸಣ್ಣ ಪಕ್ಷ ದೊಡ್ಡವರ ಹೆಗಲು ಹಿಡಿದರೆ ತನ್ನ ದನಿ ಉಳಿಯುತ್ತದೆಯೇ ಎಂಬ ಹಳೆಯ ಜಗಲಿಯ ವಾದ ಆಗಲೂ ಮುಗಿದಿರಲಿಲ್ಲ. ಅದನ್ನೂ ಮುಚ್ಚಿಡದೆ ಹೇಳಿದೆ.

ಅವಳು ಟ್ರಂಕಿನಿಂದ ತಾತನ ಶಾಲನ್ನು ತೆಗೆದು ಮಡಿಕೆ ಬಿಚ್ಚಿ ನೋಡಿದಳು. ಮಡಿಕೆಯ ಗೆರೆಗಳಲ್ಲಿ ಹಸಿರು ಮಾಸಿ ಬಿಳುಪಾಗಿದೆ. "ನನ್ನ ಹಾಸ್ಟೆಲಿಗೆ ನೀನು ಯಾರ ಹತ್ತಿರಾನಾದರೂ ಚೀಟಿ ಬರೆಸಿದ್ದೀಯಾ?" ಎಂದು ನೆಟ್ಟಗೆ ಕೇಳಿದಳು.

"ಇಲ್ಲ. ಅರ್ಜಿ ಹಾಕಿದೆವು, ಶುಲ್ಕ ಕಟ್ಟಿದೆವು, ಸಿಕ್ಕಿತು" ಎಂದೆ. ನಿಜವನ್ನೇ ಹೇಳಿದ್ದು. ಹಾಗೆ ಹೇಳುವಷ್ಟು ದೂರ ಒಂದು ಕುಟುಂಬ ಬರಲು ಮೂರು ತಲೆಮಾರು ಬೇಕಾಯಿತು.

ಮೇ 10ರಂದು ಅಮ್ಮ ಮಗಳು ಇಬ್ಬರೂ ಸಾಲಿನಲ್ಲಿ ನಿಂತೆವು. ಈಗ ಮೊಹರಿಲ್ಲ, ಮತಯಂತ್ರ. ಪಕ್ಕದ ಗಾಜಿನ ಹಿಂದೆ ಏಳು ಸೆಕೆಂಡು ಚೀಟಿ ಕಾಣಿಸಿ ಒಳಗೆ ಬೀಳುತ್ತದೆ. 13ರಂದು ಎಣಿಕೆ ನಡೆದು ದರ್ಶನ್ ಪುಟ್ಟಣ್ಣಯ್ಯ ಗೆದ್ದರು. ಮಗಳು ಯಾರಿಗೆ ಹಾಕಿದಳು ಎಂಬುದು ಮಾತ್ರ ನನಗೆ ಗೊತ್ತಿಲ್ಲ. ಮತಗಟ್ಟೆಯಿಂದ ಹೊರಗೆ ಬಂದವಳು ಬೆರಳು ತೋರಿಸಿ ನಕ್ಕಳು. ಕೇಳಬೇಕೆಂದು ಬಾಯಿ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ನಮ್ಮಪ್ಪ ಹದಿನೈದು ವರ್ಷ ನನಗೆ ಹೇಳದೆ ಕಾಪಾಡಿದ್ದು ಅದನ್ನೇ. ಅಷ್ಟನ್ನಾದರೂ ನಾನು ಅವಳಿಗೆ ಕೊಡಬೇಕು.